ಚಿಕ್ಕಲ್ಲೂರಿಗೆ ಬಾರದ ದೈವಶಾಸ್ತ್ರ

ಕ್ರೈಸ್ತ ಧರ್ಮ ನಮ್ಮ ಸೀಮೆಯಲ್ಲಿ ಹೇಗೆ ನಮ್ಮದಾಯಿತು ಎಂಬ ಕತೆಗೆ ಈಗ ಒಂದು ಸಿದ್ಧ ಕ್ರಮವಿದೆ. 1606ರಲ್ಲಿ ಮದುರೆಗೆ ಬಂದ ಜೆಸ್ವಿಟ್ ಪಾದ್ರಿ ರಾಬರ್ಟ್ ಡಿ ನೊಬಿಲಿ ಕಾವಿ ಉಟ್ಟ, ಜನಿವಾರ ಹಾಕಿಕೊಂಡ, ಮಾಂಸ ಬಿಟ್ಟ. ಅವನ ಹಾದಿ ಹಿಡಿದ ಲಿಯೊನಾರ್ಡೊ ಚಿನ್ನಮಿ 1640ರ ದಶಕದ ಕೊನೆಯಲ್ಲಿ ಮೈಸೂರು ಮಿಷನ್ ಶುರುಮಾಡಿ, ಕನ್ನಡ ಕಲಿತು, ಕನ್ನಡದಲ್ಲೇ ಬರೆದ. ಟಿಪ್ಪು ಮಡಿದ ಮೇಲೆ ಇಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ದೇಶೀಯರ ಉಡುಪು ತೊಟ್ಟು, ದೇಶೀಯರ ಊಟ ಉಂಡು 1823ರವರೆಗೆ ಇಲ್ಲೇ ಬಾಳಿದ. ಆಮೇಲೆ ಎರಡನೇ ವ್ಯಾಟಿಕನ್ ಮಹಾಸಭೆ, 1967ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರವಾದ ಎನ್‌ಬಿಸಿಎಲ್‌ಸಿ, ಪೂಜಾವಿಧಿಯ ಭಾರತೀಕರಣಕ್ಕೆ 1969ರಲ್ಲಿ ರೋಮ್ ಒಪ್ಪಿದ ಹನ್ನೆರಡು ಅಂಶಗಳು, ಕೊನೆಗೆ ಚಾಮುಂಡಿ ಬೆಟ್ಟದ ಬುಡದ ಅಂಜಲಿ ಆಶ್ರಮ. ಸೆಮಿನರಿಯಲ್ಲಿ ಓದಿದವರಿಗೂ ಓದದವರಿಗೂ ಇದು ಪರಿಚಿತ. ಕಾವಿಯಿಂದ ಆರತಿಯವರೆಗೆ ಒಂದು ನೇರ ಗೆರೆ.

ಈ ಗೆರೆ ಮೈಸೂರಿನಿಂದ ಕೊಳ್ಳೇಗಾಲದ ಕಡೆಗೆ ತಿರುಗುವುದೇ ಇಲ್ಲ. ಹನೂರು, ಯಳಂದೂರುಗಳ ಹೆಸರು ಅದರಲ್ಲಿ ಬರುವುದಿಲ್ಲ. ಮಲೆ ಮಹದೇಶ್ವರನ (ಮಾದಪ್ಪನ) ಏಳು ಮಲೆ, ಚಿಕ್ಕಲ್ಲೂರಿನ ಸಿದ್ದಪ್ಪಾಜಿ, ಬಿಳಿಗಿರಿರಂಗನ ಸೋಲಿಗರು ಇರುವ ಈ ಮೂರು ತಾಲ್ಲೂಕುಗಳಲ್ಲಿ ಕ್ರೈಸ್ತರೂ ಇದ್ದಾರೆ. ಮಾರ್ಟಳ್ಳಿ ಸುತ್ತಿನ ಕ್ಯಾಥೊಲಿಕ್ ಊರುಗಳಿವೆ, ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಯಿದೆ. ಆದರೆ ದೈವಶಾಸ್ತ್ರದ ಚರ್ಚೆಯಲ್ಲಿ ಇದು ಸೇವಾಕ್ಷೇತ್ರ ಮಾತ್ರ. ಇಲ್ಲಿ ಔಷಧ ಕೊಡಬೇಕು, ಶಾಲೆ ನಡೆಸಬೇಕು. ಇಲ್ಲಿಂದ ಯೋಚನೆ ಬರಬಹುದೆಂದು ಯಾರಿಗೂ ಹೊಳೆದಂತಿಲ್ಲ. ನನ್ನ ಜಗಳ ಇರುವುದು ಇದರ ಜೊತೆ.

ಸಂಸ್ಕೃತಿ ದೈವಶಾಸ್ತ್ರವನ್ನು ರೂಪಿಸುತ್ತದೆ ಎಂದು ಈಗ ಎಲ್ಲರೂ ಒಪ್ಪುತ್ತಾರೆ. ಯುರೋಪಿನ ದೈವಶಾಸ್ತ್ರವೂ ಒಂದು ಕಾಲದ, ಒಂದು ನೆಲದ ಸಂತಾನವೇ. 325ರ ನೈಸಿಯಾ ಸಭೆ ಕ್ರಿಸ್ತ ಯಾರೆಂದು ನಿರ್ಣಯಿಸಿದ್ದು ಗ್ರೀಕ್ ತತ್ವಶಾಸ್ತ್ರದ ಪರಿಭಾಷೆಯಲ್ಲಿ. ಹನ್ನೊಂದನೇ ಶತಮಾನದ ಕೊನೆಯಲ್ಲಿ ಆನ್ಸೆಲ್ಮ್ ಶಿಲುಬೆಯ ಅರ್ಥ ಹೇಳಿದಾಗ ಅವನ ಮನಸ್ಸಿನಲ್ಲಿದ್ದದ್ದು ದೊರೆಯ ಮಾನಕ್ಕೆ ಭಂಗ ತಂದ ಅಧೀನನು ತೆರಬೇಕಾದ ಋಣ. ಇಷ್ಟು ಒಪ್ಪಿದ ಮೇಲೂ ನಮ್ಮವರು ಸಂಸ್ಕೃತಿಯನ್ನು ಉಡುಪಿನ ಹಾಗೆ ಕಾಣುತ್ತಾರೆ: ಒಳಗಿನ ಸಂದೇಶ ಸಿದ್ಧವಾಗಿದೆ, ಹೊರಗಿನ ಬಟ್ಟೆ ಬದಲಾಯಿಸಿದರಾಯಿತು. ಆನ್ಸೆಲ್ಮನ ಉದಾಹರಣೆ ಹೇಳುವುದು ಬೇರೆಯೇ. ಊಳಿಗಮಾನ್ಯ ಸಮಾಜ ಅವನ ಉತ್ತರಕ್ಕೆ ಅಲಂಕಾರ ಒದಗಿಸಲಿಲ್ಲ, ಅವನ ಪ್ರಶ್ನೆಯನ್ನೇ ಒದಗಿಸಿತು. ಹಾಗಾದರೆ ಭಾರತೀಕರಣವನ್ನು ಅಳೆಯಬೇಕಾದದ್ದೂ ಇದೇ ಅಳತೆಯಲ್ಲಿ. ನಾವು ಆರಿಸಿಕೊಂಡ ಸಂಸ್ಕೃತಿ ನಮ್ಮನ್ನು ಏನು ಕೇಳಿತು?

ಈ ಭಾರತೀಕರಣದ ಮುಂದಾಳು ಡಿ.ಎಸ್. ಅಮಲೋರ್ಪವದಾಸ್ ಅವರ ಬಗ್ಗೆ ನನಗೆ ಆಳವಾದ ಗೌರವವಿದೆ. ಎನ್‌ಬಿಸಿಎಲ್‌ಸಿ ಕಟ್ಟಿದರು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತ ಅಧ್ಯಯನಕ್ಕೆ ನೆಲೆ ಒದಗಿಸಿದರು, ಅಂಜಲಿ ಆಶ್ರಮ ಸ್ಥಾಪಿಸಿ ಅದರ ಶಿಸ್ತನ್ನು ತಾವೇ ಬಾಳಿದರು. 1990ರ ರಸ್ತೆ ಅಪಘಾತ ಅವರನ್ನು ಕಿತ್ತುಕೊಳ್ಳದಿದ್ದರೆ ಈ ಚರ್ಚೆ ಇನ್ನೆಲ್ಲಿಗೆ ಹೋಗುತ್ತಿತ್ತೋ. ಲ್ಯಾಟಿನ್ ಗುಂಗಿನಲ್ಲಿದ್ದ ಚರ್ಚಿನೊಳಗೆ ಅವರು ಎದುರಿಸಿದ ವಿರೋಧ ಸಣ್ಣದಲ್ಲ. ಅವರು ಮುನ್ನಡೆಸಿದ ಆ ಹನ್ನೆರಡು ಅಂಶಗಳನ್ನು ಇಂದು ಮತ್ತೆ ನೋಡಿದರೆ ಕಾಣುವುದೇನು? ಬರಿಗಾಲು, ಅಂಜಲಿ ಹಸ್ತ, ಪಂಚಾಂಗ ಪ್ರಣಾಮ, ಅಂಗವಸ್ತ್ರ, ಎಣ್ಣೆ ದೀಪ, ಧೂಪ, ಆರತಿ. ಹೆಚ್ಚಿನವು ಭಂಗಿಗಳು, ಪರಿಕರಗಳು. ಅವುಗಳ ತವರು ಆಗಮ ದೇವಾಲಯ ಮತ್ತು ಮಠ. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ಕೆಳಜಾತಿಗಳು ಮೇಲ್ಜಾತಿಯ ಆಚಾರ ಹಿಡಿದು ಮೇಲೇರಲು ಯತ್ನಿಸುವುದನ್ನು ಗುರುತಿಸಿ ಸಂಸ್ಕೃತೀಕರಣ ಎಂದು ಹೆಸರಿಟ್ಟರು. ಚರ್ಚು ಇನ್‌ಕಲ್ಚರೇಶನ್, ಅಂದರೆ ಸ್ಥಳೀಯ ಸಂಸ್ಕೃತಿಗೆ ಒಗ್ಗಿಕೊಳ್ಳುವುದು, ಎಂದು ಕರೆದದ್ದರಲ್ಲಿ ದೊಡ್ಡ ಪಾಲು ಅದೇ ಪ್ರಕ್ರಿಯೆಯ ಕ್ರೈಸ್ತ ಆವೃತ್ತಿ. ವ್ಯತ್ಯಾಸವೊಂದೇ: ಇಲ್ಲಿ ಪೀಠದ ಬಳಿ ದೀಪ ಹಿಡಿದವರ ಮುಂದೆ ಕೂತ ಸಭೆಯ ಬಹುಪಾಲು ಜನರ ಅಜ್ಜ ಮುತ್ತಜ್ಜಂದಿರಿಗೆ ಆ ದೇವಾಲಯಗಳೊಳಗೆ ಪ್ರವೇಶವೇ ಇರಲಿಲ್ಲ.

ಈ ಒಲವು ಅಮಲೋರ್ಪವದಾಸರಿಂದ ಶುರುವಾದದ್ದಲ್ಲ. ಡಿ ನೊಬಿಲಿಯ ಪ್ರಯೋಗಕ್ಕೆ 1623ರಲ್ಲಿ ಪೋಪ್ ಹದಿನೈದನೇ ಗ್ರೆಗೊರಿ ಒಪ್ಪಿಗೆ ಕೊಟ್ಟಾಗ ಚರ್ಚೆಯಾದದ್ದು ಜನಿವಾರ, ಜುಟ್ಟು, ಗಂಧ, ಸ್ನಾನ ಧಾರ್ಮಿಕವೋ ಸಾಮಾಜಿಕವೋ ಎಂದು. ಸಾಮಾಜಿಕ ಎಂದು ಸಾಬೀತಾದರೆ ನಿರಪಾಯ ಎಂಬುದು ಅಲ್ಲಿನ ತರ್ಕ. ಜಾತಿಯೂ ಹಾಗೆಯೇ ನಿರಪಾಯವಾಯಿತು. ಈ ಹೊಂದಾಣಿಕೆಗಳ ಮೇಲಿನ ಮಲಬಾರ್ ಆಚರಣೆಗಳ ವ್ಯಾಜ್ಯ ನೂರು ವರ್ಷಕ್ಕೂ ಹೆಚ್ಚು ಎಳೆದು 1744ರಲ್ಲಿ ಹದಿನಾಲ್ಕನೇ ಬೆನೆಡಿಕ್ಟ್ ತೀರ್ಪು ಕೊಟ್ಟಾಗ, ಸಾಯುತ್ತಿರುವ ಪರೆಯನ ಗುಡಿಸಲಿಗೆ ಸನ್ಯಾಸಿ ವೇಷದ ಪಾದ್ರಿ ಕಾಲಿಡಬೇಕೇ ಎಂಬುದೇ ಮುಖ್ಯ ತೊಡಕುಗಳಲ್ಲೊಂದು. ಕಂಡುಕೊಂಡ ದಾರಿ ಏನೆಂದರೆ ಪರೆಯರಿಗಾಗಿಯೇ ಬೇರೆ ಪಾದ್ರಿಗಳು. ಇತಿಹಾಸಕಾರರು ಈ ವ್ಯಾಜ್ಯವನ್ನು ರೋಮಿನ ಹಟಕ್ಕೂ ಜೆಸ್ವಿಟರ ಔದಾರ್ಯಕ್ಕೂ ನಡುವಿನ ಹೋರಾಟವಾಗಿ ಬರೆಯುತ್ತಾರೆ. ಗುಡಿಸಲೊಳಗಿದ್ದವನ ಕಡೆಯಿಂದ ನೋಡಿದರೆ ಸೋತವರೂ ಗೆದ್ದವರೂ ಅವನ ಬಾಗಿಲಿನ ಹೊರಗೇ ನಿಂತಿದ್ದರು.

ದ್ಯುಬುವಾನ ವಿಷಯದಲ್ಲೂ ಸಾಮಾನ್ಯ ಅಭಿಪ್ರಾಯಕ್ಕೆ ನನ್ನ ತಕರಾರಿದೆ. ಹಿಂದೂಗಳನ್ನು ಕ್ರೈಸ್ತರಾಗಿಸುವುದು ಅಸಾಧ್ಯವೆಂದು 1823ರ ಪತ್ರಗಳಲ್ಲಿ ಸಾರಿದ ಅವನನ್ನು ನಿಷ್ಠುರ ವಾಸ್ತವವಾದಿ ಎಂದು ಹೊಗಳುವುದು ರೂಢಿ. ಸಿಡುಬಿಗೆ ಲಸಿಕೆ ಹಾಕಿಸಿದ ಅವನ ಶ್ರಮ ಹೊಗಳಿಕೆಗೆ ಅರ್ಹವೇ. ಆದರೆ ಹಿಂದೂಗಳ ನಡೆನುಡಿಗಳ ಬಗ್ಗೆ ಅವನು ಸಿದ್ಧಪಡಿಸಿದ ಆ ಪ್ರಸಿದ್ಧ ಗ್ರಂಥದ ಅಂಗರಚನೆಯನ್ನೇ ನೋಡಿ: ಅದರ ಹೃದಯಭಾಗ ಬ್ರಾಹ್ಮಣನ ನಾಲ್ಕು ಆಶ್ರಮಗಳು. ಅದರಲ್ಲಿ ಬಹಳಷ್ಟು ಅವನಿಗಿಂತ ಹಿಂದಿನ ಜೆಸ್ವಿಟ್ ಪಾದ್ರಿ ಕರ್ದು ಬರೆದಿಟ್ಟದ್ದೆಂದು ಸಂಶೋಧಕಿ ಸಿಲ್ವಿಯಾ ಮ್ಯೂರ್ ತೋರಿಸಿದ್ದಾರೆ. ಮಂಟೇಸ್ವಾಮಿಯ ನೀಲಗಾರರೂ ಮಾದಪ್ಪನ ದೇವರಗುಡ್ಡರೂ ರಾತ್ರಿಯಿಡೀ ಕತೆ ಹಾಡುವ ಸೀಮೆಯ ಮಗ್ಗುಲಲ್ಲೇ ಎರಡು ದಶಕ ಬಾಳಿದವನು ಈ ದೇಶವನ್ನು ಓದಿದ್ದು ಬ್ರಾಹ್ಮಣನ ದಿನಚರಿಯ ಮೂಲಕ. ಬಾಗಿಲು ಮುಚ್ಚಿದೆ ಎಂದ; ಅವನು ತಟ್ಟಿದ್ದು ಒಂದೇ ಬಾಗಿಲು.

ಪ್ರಾಟೆಸ್ಟೆಂಟರ ದಾರಿ ಬೇರೆ, ತಲುಪಿದ ಜಾಗ ಅದರ ಹತ್ತಿರದ್ದೇ. ಕಿಟೆಲ್ 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಜೀವನವನ್ನು ಈ ನೆಲದ ಛಂದಸ್ಸಿಗೆ ತಂದರು. ಕನ್ನಡ ಅವರಿಗೆ ಸದಾ ಋಣಿ. ಆದರೂ ಅವರು ಒಲಿದ ಕನ್ನಡ ಓಲೆಗರಿಯ ಕನ್ನಡ, ಪಂಡಿತರ ಕಾವ್ಯಪರಂಪರೆ. ನೀಲಗಾರರ ತಂಬೂರಿಯ, ದೇವರಗುಡ್ಡರ ಕಂಸಾಳೆಯ ಕನ್ನಡ ಅವರ ದೈವಶಾಸ್ತ್ರಕ್ಕೆ ಆಕರವಾಗಲಿಲ್ಲ.

ಈಗ ಚಿಕ್ಕಲ್ಲೂರಿಗೆ ಬರೋಣ. ಸಿದ್ದಪ್ಪಾಜಿಯ ಗುರು ಮಂಟೇಸ್ವಾಮಿಯ ಕಾವ್ಯದಲ್ಲಿ ಕಲ್ಯಾಣದ ಸಾಲು ಓದುಗರಿಗೆ ಗೊತ್ತಿರುವುದೇ: ಗಾಯಕರಿಂದ ಗಾಯಕರಿಗೆ ವಿವರ ಬದಲಾದರೂ ಎಲುಬು ಒಂದೇ. ಪರಂಜ್ಯೋತಿ ಮಂಟೇದಯ್ಯ ಕೊಳೆತ ಮೈಯ, ಹೆಂಡ ಮಾಂಸ ಹೊತ್ತ, ಮೂಗು ಮುಚ್ಚಿಕೊಳ್ಳುವಂಥ ರೂಪದಲ್ಲಿ ಬಸವಣ್ಣನ ಕಲ್ಯಾಣಕ್ಕೆ ಬರುತ್ತಾನೆ. ಅಲ್ಲಿ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರ ದಾಸೋಹ ನಡೆಯುತ್ತಿದೆ. ಅವನನ್ನು ಒಳಗೆ ಬಿಡುವುದಿಲ್ಲ. ಅವನು ತಿಪ್ಪೆಯ ಪಾಲಾಗುತ್ತಾನೆ. ಕೊನೆಗೆ ಅವನನ್ನು ಗುರುತಿಸುವವರು ಬಸವಣ್ಣ ಮತ್ತು ನೀಲಮ್ಮ.

ಇದನ್ನು ಕ್ರೈಸ್ತರಿಗೆ ತೋರಿಸಿದರೆ ತಕ್ಷಣ ಬರುವ ಪ್ರತಿಕ್ರಿಯೆ ನನಗೆ ಗೊತ್ತು: ಮಂಟೇಸ್ವಾಮಿ ಯೇಸುವಿನಂತೆಯೇ ತಿರಸ್ಕೃತ, ಸಿದ್ದಪ್ಪಾಜಿ ಶಿಲುಬೆಗೇರಿದವನಂತೆಯೇ ಹಿಂಸೆ ಉಂಡವನು. ಈ ಹೋಲಿಕೆ ತೀರಾ ಸುಲಭವಾಗಿ ಸಿಗುತ್ತದೆ, ಮತ್ತು ಅದು ಕಾವ್ಯವನ್ನು ಸಾಧುವಾಗಿಸಿ ಬಿಡುತ್ತದೆ. ಕಾವ್ಯದ ಕೂರಲಗು ಇರುವುದು ಮಂಟೇಸ್ವಾಮಿ ಯಾರ ಬಾಗಿಲಿಗೆ ಬಂದ ಎಂಬಲ್ಲಿ. ಅವನು ಅಗ್ರಹಾರಕ್ಕೆ ಹೋಗುವುದಿಲ್ಲ. ಜಾತಿ ಮುರಿದೆವು ಎಂದು ನಂಬಿದವರ ಊರಿಗೆ ಬರುತ್ತಾನೆ, ಎಲ್ಲರಿಗೂ ಅನ್ನ ಇಕ್ಕುತ್ತೇವೆ ಎನ್ನುವವರ ಮನೆಗೆ ಬರುತ್ತಾನೆ. ಪರೀಕ್ಷೆ ನಡೆಯುವುದು ಸುಧಾರಣೆಯ ಮೇಲೆ. ಈ ಪ್ರದೇಶದ ಚರ್ಚು ತನ್ನನ್ನು ಈ ಕತೆಯಲ್ಲಿ ಎಲ್ಲಿ ಕಾಣಬೇಕು? ತಿಪ್ಪೆಯ ಮೇಲಿನವನಲ್ಲಿ ಕಾಣುವ ಹಕ್ಕು ಅದರ ಬಡ ಸಭಿಕರಿಗೆ ಇದ್ದೀತು. ಸಂಸ್ಥೆಯಾಗಿ ಅದು ಕಲ್ಯಾಣ. ಅದಕ್ಕೆ ದಾಸೋಹವಿದೆ, ಶಿಸ್ತಿದೆ, ಒಳ್ಳೆಯ ಉದ್ದೇಶವಿದೆ, ಬಾಗಿಲು ಕಾಯುವವರೂ ಇದ್ದಾರೆ. ಯೇಸು ಊರ ಬಾಗಿಲಿನ ಹೊರಗೆ ನರಳಿದ ಎಂದು ಇಬ್ರಿಯರ ಪತ್ರ ಹೇಳುತ್ತದೆ. ಅದನ್ನು ನಾವು ಊರೊಳಗೆ ಸ್ವಚ್ಛವಾಗಿ ಕೂತು ಓದುತ್ತೇವೆ. ಆರತಿ ತಟ್ಟೆ ಚರ್ಚಿಗೆ ಇಂಥ ಯಾವ ಸಂಕಟವನ್ನೂ ತರಲಿಲ್ಲ. ಅದನ್ನು ಆರಿಸಿಕೊಂಡದ್ದಕ್ಕೆ ಅದೂ ಒಂದು ಕಾರಣವೆಂದು ನಾನು ಬಲವಾಗಿ ನಂಬುತ್ತೇನೆ.

ಚಿಕ್ಕಲ್ಲೂರಿನ ಜಾತ್ರೆಯನ್ನೇ ನೋಡಿ. ಬನದ ಹುಣ್ಣಿಮೆಗೆ ಚಂದ್ರಮಂಡಲ ಹೊತ್ತಿಕೊಂಡರೆ ಐದು ದಿನ: ದೊಡ್ಡವರ ಸೇವೆ, ಮುಡಿ ಸೇವೆ, ನಾಲ್ಕನೇ ದಿನ ಪಂಕ್ತಿ ಸೇವೆ, ಮಾರನೇ ದಿನ ಮುತ್ತತ್ತಿರಾಯನ ಸೇವೆ. ಪಂಕ್ತಿ ಸೇವೆಯ ದಿನ ಒಕ್ಕಲುಗಳು ಬಿಡಾರಗಳಲ್ಲಿ ಮಾಂಸದಡುಗೆ ಮಾಡಿ, ಜಾತಿ ನೋಡದೆ ಸಾಲಾಗಿ ಕೂತು ಉಣ್ಣುತ್ತಾರೆ. ಕೆಲವು ವರ್ಷಗಳಿಂದ ಜಿಲ್ಲಾಡಳಿತ 1959ರ ಪ್ರಾಣಿಬಲಿ ನಿಷೇಧ ಕಾಯ್ದೆಯನ್ನು ಮುಂದಿಟ್ಟು ಇದಕ್ಕೆ ಅಡ್ಡ ಬಂದಿದೆ. ಇದು ಬಲಿಯಲ್ಲ, ಕೂಡಿ ಉಣ್ಣುವ ಸೇವೆ ಎನ್ನುವುದು ಒಕ್ಕಲಿನವರ ವಾದ. ನಾನು ಅವರ ಪರ.

ಕ್ರೈಸ್ತರಿಗೆ ಈ ವಾದ ದೂರದ್ದಲ್ಲ. ಪ್ರಭುಭೋಜನ ಬಲಿಯೋ ಊಟವೋ ಎಂಬುದು ಹದಿನಾರನೇ ಶತಮಾನದ ಯುರೋಪನ್ನು ಒಡೆದ ಜಗಳಗಳಲ್ಲೊಂದು. ಅದಕ್ಕೂ ಹಿಂದೆ, ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ ಹನ್ನೊಂದನೇ ಅಧ್ಯಾಯದಲ್ಲಿ ಪೌಲ ಸಿಟ್ಟಾಗುವುದು ಪೂಜಾವಿಧಿಯ ತಪ್ಪಿಗಲ್ಲ. ಉಳ್ಳವರು ಮೊದಲೇ ಉಂಡು ಕುಡಿದಿರುತ್ತಾರೆ, ಇಲ್ಲದವರು ಹಸಿದು ನಿಂತಿರುತ್ತಾರೆ. ಆ ಊಟ ಪ್ರಭುವಿನ ಊಟವೇ ಅಲ್ಲ ಎನ್ನುತ್ತಾನೆ. ಅಂದರೆ ಪಂಕ್ತಿ ಕೆಟ್ಟರೆ ಸಂಸ್ಕಾರವೇ ಕೆಟ್ಟಿತು. ದಕ್ಷಿಣ ಭಾರತದ ಎಷ್ಟೋ ಚರ್ಚುಗಳಲ್ಲಿ ಜಾತಿಗೊಂದು ಕೂರುವ ಜಾಗವಿದ್ದದ್ದು, ಸತ್ತ ಮೇಲೂ ಗೋರಿಗಳ ನಡುವೆ ಗೋಡೆ ಎದ್ದದ್ದು ದಾಖಲಾದ ಸಂಗತಿ. ಆ ಸಭೆಗಳಲ್ಲಿ ಪರಮಪ್ರಸಾದದ ತತ್ವ ಎಳ್ಳಷ್ಟೂ ಮುಕ್ಕಾಗದೆ ಉಳಿದಿತ್ತು. ಅದೇ ಹೊತ್ತಿಗೆ, ಯಾವ ಸಿದ್ಧಾಂತಗ್ರಂಥವೂ ಇಲ್ಲದ ಚಿಕ್ಕಲ್ಲೂರಿನ ಬಯಲಲ್ಲಿ ಪೌಲ ಕೇಳಿದ ಊಟಕ್ಕೆ ಹತ್ತಿರವಾದದ್ದೊಂದು ನಡೆದುಕೊಂಡು ಬಂದಿತ್ತು.

ಇಲ್ಲಿ ಎದುರುವಾದವಿದೆ, ಅದು ಹಗುರವಾದದ್ದಲ್ಲ. ಜಾತ್ರೆ ಮುಗಿದ ಮೇಲೆ ಊರಿಗೆ ಮರಳಿದವರ ಕೇರಿಗಳು ಹಾಗೆಯೇ ಇರುತ್ತವೆ. ಮೈಸೂರು, ಚಾಮರಾಜನಗರ ಸೀಮೆಯ ಜಾತಿ ಕ್ರೌರ್ಯದ ಚರಿತ್ರೆಯನ್ನು ಪಂಕ್ತಿ ಸೇವೆ ತಡೆಯಲಿಲ್ಲ. ಒಪ್ಪುತ್ತೇನೆ. ಆದರೆ ಈ ಮಾತು ಪರಮಪ್ರಸಾದಕ್ಕೂ ಅಷ್ಟೇ ಅನ್ವಯಿಸುತ್ತದೆ. ಊರನ್ನು ಬದಲಾಯಿಸಲಿಲ್ಲ ಎಂಬ ಕಾರಣಕ್ಕೆ ಒಂದನ್ನು ಜಾನಪದವೆಂದು ತಳ್ಳಿ, ಇನ್ನೊಂದನ್ನು ದೈವಶಾಸ್ತ್ರವೆಂದು ಉಳಿಸಿಕೊಳ್ಳುವುದು ನ್ಯಾಯವಾದ ಅಳತೆಯಲ್ಲ.

ಮಾದಪ್ಪನ ಬೆಟ್ಟದಲ್ಲಿ ಪ್ರಶ್ನೆ ಬೇರೆ ದಿಕ್ಕಿನಿಂದ ಬರುತ್ತದೆ. ಮಾದಪ್ಪನ ಕಾವ್ಯದ ಸೋಲಿಗರ ಸಂಕಮ್ಮನ ಸಾಲಿನಲ್ಲಿ ಗಂಡ ನೀಲೇಗೌಡ ಜೇನಿಗೆ ಹೊರಡುವ ಮುನ್ನ ಅವಳಿಂದ ಶೀಲದ ಆಣೆ ಬೇಡುತ್ತಾನೆ. ಅವಳು ಕೊಡುವುದಿಲ್ಲ. ಅವನು ಅವಳನ್ನು ಕಾಡಿನಲ್ಲಿ ಮಂತ್ರದಿಂದ ಕಟ್ಟಿಹಾಕಿ ಹೋಗುತ್ತಾನೆ; ಮಾದಪ್ಪ ಬರುತ್ತಾನೆ; ಅವಳಿಗೆ ಮಕ್ಕಳ ವರ ಸಿಗುತ್ತದೆ. ಈ ಕತೆ ಹಾಡುವ ನೆಲದಲ್ಲೇ ಮರಿಯಳ ಕತೆಯನ್ನೂ ಹೇಳಲಾಗುತ್ತದೆ. ನಮ್ಮ ಪ್ರಸಂಗಗಳಲ್ಲಿ ಮರಿಯ ವಿಧೇಯತೆಯ ಮಾದರಿ: ಒಪ್ಪಿದಳು, ಆದ್ದರಿಂದ ಧನ್ಯಳು. ಮತ್ತಾಯನ ಮೊದಲ ಅಧ್ಯಾಯದಲ್ಲಿ ಜೋಸೆಫ್ ಅವಳನ್ನು ಗುಟ್ಟಾಗಿ ಬಿಟ್ಟುಬಿಡಲು ನಿರ್ಧರಿಸಿದ ಸಾಲನ್ನು ಪ್ರಸಂಗಿಗಳು ಅವಸರದಲ್ಲಿ ದಾಟುತ್ತಾರೆ. ಸಂಕಮ್ಮನ ಹಾಡು ಕೇಳಿ ಬೆಳೆದ ಹೆಣ್ಣು ಅಲ್ಲೇ ನಿಲ್ಲುತ್ತಾಳೆಂದು ನಾನು ಎಣಿಸುತ್ತೇನೆ. ಅವಳಿಗೆ ಅದು ನಂಬಿಕೆ ಕಳೆದುಕೊಂಡ ಗಂಡಿನ ಮುಂದೆ ಆಣೆ ಇಡದೆ ನಿಂತ ಹೆಣ್ಣಿನ ಕತೆ, ಮತ್ತು ಆ ಗಂಡಿನ ಹಿಡಿತದ ಹೊರಗೆ ದೇವರು ಅವಳ ಪಕ್ಷ ವಹಿಸಿದ ಕತೆ. ಇದು ಶುಭಸಂದೇಶಕ್ಕೆ ಹೊರಗಿನಿಂದ ತಂದು ಅಂಟಿಸಿದ ಅರ್ಥವಲ್ಲ. ಅಲ್ಲೇ ಇದೆ. ಅದನ್ನು ಕಾಣಲು ಬೇಕಾದ ಕಣ್ಣು ಈ ಮಲೆಯಲ್ಲಿದೆ.

ಯಳಂದೂರಿನ ಬಿಳಿಗಿರಿರಂಗನ ಬಗ್ಗೆ ಒಂದೇ ಮಾತು. ಕ್ರಿಸ್ತನನ್ನು ಅವತಾರವೆಂದು ವಿವರಿಸಲು ಹೊರಟ ಭಾರತೀಯ ಚಿಂತಕರು, 1926ರಲ್ಲಿ ಆ ಹೆಸರಿನ ಪುಸ್ತಕವನ್ನೇ ಬರೆದ ಚಕ್ಕರೈ ಸೇರಿದಂತೆ, ಮೇಲಿಂದ ಇಳಿದುಬರುವ ದೇವರನ್ನು ಪುರಾಣಗಳಿಂದ ಪಡೆದರು. ಈ ಬೆಟ್ಟದ ರಂಗಪ್ಪನಾದರೋ ಸೋಲಿಗರ ಕುಸುಮಾಲೆಯನ್ನು ಮದುವೆಯಾಗಿ ಸೋಲಿಗರಿಗೆ ಭಾವನಾದ. ಬೂದಿತಿಟ್ಟಿನ ದಲಿತರು ಹೊಲಿದ ಚರ್ಮದ ಪಾದುಕೆ ಮೆಟ್ಟುತ್ತಾನೆ. ಇಳಿದು ಬಂದು ಮತ್ತೆ ಹತ್ತಿಹೋಗುವ ದೇವರಿಗಿಂತ, ನೆಂಟಸ್ತನಕ್ಕೆ ಸಿಕ್ಕಿ ಕಟ್ಟುಬಿದ್ದ ಈ ದೇವರು ಮನುಷ್ಯಾವತಾರದ ಕ್ರೈಸ್ತ ತತ್ವಕ್ಕೆ ಹೆಚ್ಚು ಸಮೀಪ.

ದಲಿತ ದೈವಶಾಸ್ತ್ರ ಇದನ್ನೆಲ್ಲ ಆಗಲೇ ಹೇಳಿದೆಯಲ್ಲ ಎನ್ನಬಹುದು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಉಪನ್ಯಾಸ ನನ್ನ ಟೀಕೆಯ ಅರ್ಧವನ್ನು ನನಗಿಂತ ಮೊದಲೇ, ನನಗಿಂತ ಧೈರ್ಯವಾಗಿ ಮಾಡಿತು. ಭಾರತೀಯ ಕ್ರೈಸ್ತ ಚಿಂತನೆ ಬ್ರಾಹ್ಮಣ್ಯದ ಮಾತನ್ನೇ ಆಡಿದೆ ಎಂದು ನೇರವಾಗಿ ಹೇಳಿದವರು ಅವರು. ಆದರೆ ಅವರು ನೆಲೆ ಕಂಡುಕೊಂಡದ್ದು ಧರ್ಮೋಪದೇಶಕಾಂಡದ ವಿಶ್ವಾಸಪ್ರಮಾಣದಲ್ಲಿ ಮತ್ತು ನೋವಿನಲ್ಲಿ. ದಲಿತರ ಅರಿವಿನ ಮೂಲ ನೋವು ಎಂದರು. ಮಂಟೇಸ್ವಾಮಿ ಕಾವ್ಯದಲ್ಲಿ ನೋವಿದೆ, ಆದರೆ ಅದರ ದನಿ ನರಳಾಟದ್ದಲ್ಲ. ಅದರಲ್ಲಿ ಗತ್ತಿದೆ, ಬೈಗುಳವಿದೆ, ನಗೆಯಿದೆ, ಬಸವಣ್ಣನನ್ನೇ ಪ್ರಶ್ನಿಸುವ ಹಿರಿತನವಿದೆ. ಪರೆಯರ ತಮಟೆಯನ್ನು ದೈವಶಾಸ್ತ್ರದ ನಡುವೆ ತಂದ ಸತ್ಯನಾಥನ್ ಕ್ಲಾರ್ಕ್ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಮುಂದೆ ಹೋದರು. ನಮ್ಮ ತಂಬೂರಿಗೆ ಅಂಥ ಓದು ಇನ್ನೂ ಬೇಕಾಗಿದೆ.

ಇನ್ನೊಂದು ಆಕ್ಷೇಪ ನನಗೆ ಹೆಚ್ಚು ಕಾಡುವಂಥದ್ದು. ಈ ಕಾವ್ಯಗಳು ನೀಲಗಾರರವು, ದೇವರಗುಡ್ಡರವು. ಜನಿವಾರ ಎರವಲು ಪಡೆದ ಚರ್ಚು ನಾಳೆ ತಂಬೂರಿಯನ್ನೂ ಪೀಠಕ್ಕೆ ತಂದರೆ ಅದು ಮತ್ತೊಂದು ಸುಲಿಗೆ. ನಿಜ. ತಂಬೂರಿಯನ್ನು ಬಲಿಪೂಜೆಗೆ ತನ್ನಿ ಎಂದು ನಾನು ಹೇಳುತ್ತಿಲ್ಲ, ತಂದರೆ ವಿರೋಧಿಸುತ್ತೇನೆ. ಕಾವ್ಯವನ್ನು ಅದರ ಒಡೆಯರ ಬಳಿಯೇ ಬಿಟ್ಟು, ಅದರ ಎದುರು ನಿಂತು ತನ್ನ ಬಗ್ಗೆ ಅದು ಹೇಳುವುದನ್ನು ಕೇಳಿಸಿಕೊಳ್ಳಬೇಕು ಎನ್ನುತ್ತಿದ್ದೇನೆ. ಹಾಗೆ ಕೇಳಲು ಅಡ್ಡಿಯಾಗಿರುವುದು ಭಾಷೆಯ ಜಗಳವೂ ಹೌದು. 1956ರವರೆಗೆ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಮಾರ್ಟಳ್ಳಿಯ ಕಡೆ ಮನೆಮಾತು ಇಂದಿಗೂ ತಮಿಳು. ಚರ್ಚಿನಲ್ಲಿ ಕನ್ನಡ ಬೇಕೆಂಬ ಹೋರಾಟಕ್ಕೆ ನನ್ನ ಬೆಂಬಲವಿದೆ. ಆದರೆ ಯಾವ ಭಾಷೆಯಲ್ಲಿ ಪೂಜೆ ಎಂಬುದು ತೀರ್ಮಾನವಾದರೆ ಸಂದರ್ಭದ ಪ್ರಶ್ನೆ ಮುಗಿಯಿತು ಎಂಬ ಭ್ರಮೆಗೆ ಬೆಂಬಲವಿಲ್ಲ. ತಮಿಳು ಮಾತಾಡುವ ಮಾರ್ಟಳ್ಳಿಯವರು ಮಾದಪ್ಪನ ಮಲೆಯ ನೆರೆಯಲ್ಲೇ ತಲೆಮಾರುಗಳಿಂದ ಬಾಳಿದ್ದಾರೆ. ಬರ, ಕಾಡು, ಹರಕೆ, ವೀರಪ್ಪನ್ ಕಾಲದ ಭಯ, ಎಲ್ಲವನ್ನೂ ನೆರೆಯವರ ಜೊತೆ ಹಂಚಿಕೊಂಡಿದ್ದಾರೆ. ಅವರ ಸಂದರ್ಭ ಅವರ ಭಾಷೆಗಿಂತ ದೊಡ್ಡದು.

ಈ ಸೀಮೆಯ ಹುಡುಗ ಸೆಮಿನರಿಗೆ ಹೋದರೆ ಆನ್ಸೆಲ್ಮನನ್ನು ಓದುತ್ತಾನೆ, ಓದಬೇಕು. ಅದರ ಜೊತೆಗೆ ಮಂಟೇಸ್ವಾಮಿ ಕಾವ್ಯದ ಹಲಗೂರಿನ ಸಾಲನ್ನೂ ಓದಲಿ. ಅಲ್ಲಿ ಗುರು ಶಿಷ್ಯನನ್ನು ಕಬ್ಬಿಣದ ಭಿಕ್ಷೆಗೆ ಕಳಿಸುತ್ತಾನೆ. ಕಬ್ಬಿಣ ಪಾಂಚಾಳರ ಕೈಯಲ್ಲಿದೆ, ಅವರು ಕೊಡಲೊಲ್ಲರು; ಸಿದ್ದಪ್ಪಾಜಿಯನ್ನು ಹಲವು ಬಗೆಯ ಹಿಂಸೆಗೆ ಒಡ್ಡುತ್ತಾರೆ. ಅವನು ಹುಟ್ಟಿದ್ದೂ ಪಾಂಚಾಳರ ಕುಲದಲ್ಲೇ, ಕೆಂಪಾಚಾರಿಯಾಗಿ. ಆನ್ಸೆಲ್ಮನಲ್ಲಿ ಹಿಂಸೆ ಮೇಲಿನ ದೊರೆಗೆ ಸಲ್ಲಬೇಕಾದ ಋಣವನ್ನು ತೀರಿಸುತ್ತದೆ. ಹಲಗೂರಿನಲ್ಲಿ ಬಾಕಿ ಉಳಿಸಿಕೊಂಡವರು ಕೆಳಗಿದ್ದಾರೆ: ದುಡಿಮೆಯ ಹತಾರವನ್ನು ತಮ್ಮಲ್ಲೇ ಇಟ್ಟುಕೊಂಡವರು, ಕೇಳಲು ಬಂದ ತಮ್ಮವನನ್ನೇ ದಂಡಿಸಿದವರು. ಶಿಲುಬೆಯನ್ನು ಈ ಕಡೆಯಿಂದ ಓದಿದರೆ ದೇವರಿಗೆ ಸಲ್ಲಬೇಕಾದ ಋಣ ಹೇಗೆ ತೀರಿತು ಎಂಬ ಪ್ರಶ್ನೆ ಹಿಂದೆ ಸರಿದು, ಕೊಡಬೇಕಾದದ್ದನ್ನು ಯಾರು ಹಿಡಿದಿಟ್ಟಿದ್ದಾರೆ ಎಂಬುದು ಮುಂದೆ ಬರುತ್ತದೆ. ಜಮೀನು, ಶಾಲೆ, ಆಸ್ಪತ್ರೆ ಇರುವ ಸಂಸ್ಥೆಗೆ ಅದು ಮುಜುಗರದ ಪ್ರಶ್ನೆಯೇ. ಪಿ.ಕೆ. ರಾಜಶೇಖರ 1973ರಲ್ಲೇ ಮಲೆಯ ಮಾದೇಶ್ವರನನ್ನು ಅಚ್ಚಿಗೆ ತಂದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮಾದೇಶ್ವರ, ಮಂಟೇಸ್ವಾಮಿ ಎರಡೂ ಮಹಾಕಾವ್ಯಗಳನ್ನು ಪ್ರಕಟಿಸಿದೆ. ಪಠ್ಯ ಸಿಗುವುದಿಲ್ಲ ಎಂಬ ನೆಪ ಉಳಿದಿಲ್ಲ. ನನ್ನ ಓದು ತಪ್ಪೆನ್ನುವ ದೈವಶಾಸ್ತ್ರಜ್ಞರು ಆ ಪಠ್ಯಗಳನ್ನು ತೆರೆದಿಟ್ಟುಕೊಂಡು, ಸಾಧ್ಯವಾದರೆ ನೀಲಗಾರರನ್ನೂ ಎದುರಿಗೆ ಕೂರಿಸಿಕೊಂಡು, ಎಲ್ಲಿ ತಪ್ಪಿದೆ ಎಂದು ತೋರಿಸಲಿ.